ನುಡಿಯಲ್ಲಿ ಟೈಪ್ ಮಾಡಿದ ನೋಟಿಸು ವಾಟ್ಸಾಪ್‌ನಲ್ಲಿ ಯಾಕೆ ಕೆಡುತ್ತೆ? ಕಾಪಿ-ಪೇಸ್ಟ್ ಹಿಂದಿನ ಲೆಕ್ಕ

ತಿಪಟೂರು: ಸೊಸೈಟಿಯ ವಾರ್ಷಿಕ ಸಭೆ ನೋಟಿಸು ರೆಡಿ. ಡಿಟಿಪಿ ಅಂಗಡಿಯಲ್ಲಿ ಕೂತು ಟೈಪ್ ಮಾಡಿಸಿ, ತಪ್ಪು ತಿದ್ದಿಸಿ, ಪ್ರಿಂಟ್ ತೆಗೆಸಿದ್ದೂ ಆಗಿದೆ. 'ಹಂಗೇ ನಮ್ಮ ಗ್ರೂಪಿಗೂ ಒಂದು ಹಾಕ್ಬಿಡಣ್ಣ' ಅಂತಾರೆ ಕಾರ್ಯದರ್ಶಿ. ಅಂಗಡಿಯವರು ಕಂಟ್ರೋಲ್ ಸಿ ಒತ್ತಿ ಕಾಪಿ ಮಾಡಿ, ವಾಟ್ಸಾಪ್ ವೆಬ್‌ನಲ್ಲಿ ಕಂಟ್ರೋಲ್ ವಿ ಒತ್ತಿ ಪೇಸ್ಟ್ ಮಾಡುತ್ತಾರೆ. ಗ್ರೂಪಿನಲ್ಲಿ ಕಾಣೋದು ಬೇರೆಯೇ. ಸಾಲುಸಾಲು ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೆರೆ, ಚುಕ್ಕಿ, ನಡುನಡುವೆ ಪೌಂಡ್ ಗುರುತು. ವೈರಸ್ ಬಂದಿದೆ ಅಂತ ಒಬ್ಬರು, ಫೋನ್ ಹಳೇದಾಯ್ತು ಅಂತ ಇನ್ನೊಬ್ಬರು.

ಎರಡೂ ಅಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಎಲ್ಲಿಯ ಡಿಟಿಪಿ ಅಂಗಡಿಗೆ ಹೋದರೂ ಇದು ಆಗಾಗ ಎದುರಾಗುವ ತಾಪತ್ರಯ. ಕಾರಣ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರ್ ಗೊತ್ತು

ನಾವು ಪರದೆ ಮೇಲೆ 'ಕ' ನೋಡುತ್ತೇವೆ. ಕಂಪ್ಯೂಟರ್ ಒಳಗೆ ಇರೋದು ಒಂದು ನಂಬರ್ ಅಷ್ಟೇ. ಆ ನಂಬರಿಗೆ ಯಾವ ಆಕಾರ ಬರೀಬೇಕು ಅನ್ನೋದನ್ನು ಫಾಂಟ್ ಹೇಳುತ್ತದೆ. ಕಾಪಿ ಮಾಡಿದಾಗ ಸಾಗುವುದು ನಂಬರ್. ಅಕ್ಷರದ ಆಕಾರ ಅಲ್ಲೇ ಉಳಿಯುತ್ತೆ.

ಕೊಬ್ಬರಿ ಮಂಡಿಯ ಲೆಕ್ಕದಲ್ಲಿ ಹೇಳೋದಾದರೆ ಸುಲಭ. ಒಂದು ಮಂಡಿಯಲ್ಲಿ ಚೀಲದ ಮೇಲೆ 12 ಅಂತ ಲಾಟ್ ನಂಬರ್ ಇದೆ. ಆ ಮಂಡಿಯ ಪುಸ್ತಕ ತೆಗೆದು ನೋಡಿದರೆ 12 ಅಂದರೆ ಯಾವ ರೈತರ ಮಾಲು ಅಂತ ತಿಳಿಯುತ್ತೆ. ಅದೇ ಚೀಲವನ್ನು ಪಕ್ಕದ ಮಂಡಿಗೆ ಹೊತ್ತು ಹಾಕಿದರೆ? ಅವರ ಪುಸ್ತಕದಲ್ಲಿ 12 ಬೇರೆ ಯಾರೋ. ಚೀಲ ಬದಲಾಗಿಲ್ಲ, ನಂಬರ್ ಬದಲಾಗಿಲ್ಲ, ಓದಿದ ಪುಸ್ತಕ ಬೇರೆ.

ನುಡಿ ಫೈಲು ವಾಟ್ಸಾಪ್‌ಗೆ ಹೋದಾಗ ಆಗೋದು ಇದೇ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ನಂಬರುಗಳನ್ನೇ ತೆಗೆದುಕೊಂಡು ಅವುಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದವು. ನುಡಿಯಲ್ಲಿ 'ಕ' ಅಂತ ಕಾಣುವುದು ಕಂಪ್ಯೂಟರ್ ಪಾಲಿಗೆ ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ತಲೆ ಮೇಲೆ ಗೆರೆ ಇರುವ ಒಂದು 'ಎ'. ಆ 'ಎ' ನಮ್ಮ ತಲೆಕಟ್ಟು. 'ಕನ್ನಡ' ಅಂತ ಬರೆದರೆ ನಡುವಿನ 'ನ'ಕಾರದ ಜಾಗದಲ್ಲಿ ಕೂತಿರೋದು ಇಂಗ್ಲೆಂಡಿನ ಪೌಂಡ್ ಗುರುತು. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಇದು ಚಂದದ ಕನ್ನಡ. ಫೋನಿನಲ್ಲಿ ಆ ಫಾಂಟ್ ಇಲ್ಲ, ಅದು ನಂಬರನ್ನು ತನ್ನ ಪುಸ್ತಕದಲ್ಲಿ ನೋಡಿ ಪ್ರಾಮಾಣಿಕವಾಗಿ 'ಪಿ' ಅಂತಲೇ ತೋರಿಸುತ್ತೆ.

ಹಾಗಂತ ನುಡಿ, ಬರಹ ಮಾಡಿದವರನ್ನು ಬೈಯುವುದು ಸರಿಯಲ್ಲ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಆಮೇಲೆ ರಾಜ್ಯ ಸರ್ಕಾರದ ಬೆಂಬಲದಲ್ಲಿ ಕನ್ನಡ ಗಣಕ ಪರಿಷತ್ತು 'ನುಡಿ' ರೂಪಿಸಿತು. ಆಗಿನ ವಿಂಡೋಸ್‌ಗೆ ಕನ್ನಡವೇ ಬರುತ್ತಿರಲಿಲ್ಲ. ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗೆ ಇರದೆ ಬೇರೆ ದಾರಿ ಇರಲಿಲ್ಲ. ತಾಲ್ಲೂಕು ಮಟ್ಟದವರೆಗೆ ಕನ್ನಡ ಟೈಪಿಂಗ್ ಬಂದಿದ್ದೇ ಈ ತಂತ್ರಾಂಶಗಳಿಂದ.

ಯೂನಿಕೋಡ್ ಅನ್ನೋದು ಜಗತ್ತಿನ ಭಾಷೆಗಳಿಗೆಲ್ಲ ಸೇರಿ ಮಾಡಿದ ಒಂದೇ ಪುಸ್ತಕ. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಜಾಗ ಮೀಸಲು. 'ಕ' ಅಂದರೆ 3221. ಜಪಾನಿನ ಕಂಪ್ಯೂಟರಾಗಲಿ, ತುರುವೇಕೆರೆಯ ಕಿರಾಣಿ ಅಂಗಡಿಯವರ ಮೊಬೈಲಾಗಲಿ, 3221 ಅಂದರೆ 'ಕ'ನೇ. 'ತೆಂಗು' ಅಂತ ಬರೆದರೆ ಐದು ನಂಬರ್: 3236, 3270, 3202, 3223, 3265. ತಕಾರ, ಎತ್ವ, ಸೊನ್ನೆ, ಗಕಾರ, ಕೊಂಬು. ಫೋನಿನಲ್ಲಿ ನಾವು ಟೈಪ್ ಮಾಡುವ ಕನ್ನಡ ಪೂರ್ತಿ ಯೂನಿಕೋಡ್. ಅದಕ್ಕೇ ಫೋನಿಂದ ಫೋನಿಗೆ ಕಾಪಿ-ಪೇಸ್ಟ್ ಮಾಡಿದರೆ ಏನೂ ಕೆಡಲ್ಲ.

ಉಲ್ಟಾ ತೊಂದರೆಯೂ ಇದೆ. ಗಿರಾಕಿ ಮದುವೆ ಪತ್ರಿಕೆಯ ಮ್ಯಾಟರ್ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅಂಗಡಿಯಲ್ಲಿ ಇರೋದು ಹಳೆಯ ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಬರಲ್ಲ, ಪೇಸ್ಟ್ ಮಾಡಿದರೆ ಪ್ರಶ್ನೆ ಗುರುತಿನ ಸಾಲು ಬರುತ್ತೆ. ಫಾಂಟ್ ಬದಲಾಯಿಸಿದರೂ ಉಪಯೋಗ ಇಲ್ಲ, ನಂಬರೇ ಬೇರೆ ಇರೋದರಿಂದ. 'ಮೆಸೇಜ್ ಕಳಿಸಿದ್ದೀನಲ್ಲ, ಮತ್ತೆ ಟೈಪಿಂಗ್ ಚಾರ್ಜ್ ಯಾಕೆ' ಅಂತ ಗಿರಾಕಿ ಕೇಳೋದು, ಅಂಗಡಿಯವರು ಬಾಯಿ ಬಿಟ್ಟು ಹೇಳಲಾಗದೆ ಸುಮ್ಮನಾಗೋದು ಇಲ್ಲಿಂದಲೇ.

ಹಾಗಾದರೆ ಮಾಡೋದೇನು?

ಗ್ರೂಪಿನಲ್ಲಿ ಬರೀ ಓದೋಕೆ ಸಾಕು ಅಂದರೆ ಪಿಡಿಎಫ್ ಮಾಡಿ ಕಳಿಸಿ. ಪಿಡಿಎಫ್ ಒಳಗೆ ಸಾಮಾನ್ಯವಾಗಿ ಫಾಂಟೂ ಜೊತೆಗೇ ಹೋಗುತ್ತೆ, ಅಂದರೆ ಚೀಲದ ಜೊತೆ ಪುಸ್ತಕವನ್ನೂ ಕಟ್ಟಿ ಕಳಿಸಿದ ಹಾಗೆ. ಆದರೆ ನುಡಿಯಲ್ಲಿ ಮಾಡಿದ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಡಿ, ಮತ್ತೆ ಅದೇ 'ಪಿ', ಅದೇ ಪೌಂಡ್.

ಪಠ್ಯವೇ ಬೇಕು ಅಂದರೆ ಪರಿವರ್ತಕ ಬಳಸಬೇಕು. ನುಡಿ ಅಕ್ಷರವನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಇಂಟರ್‌ನೆಟ್‌ನಲ್ಲಿ ಇವೆ. ಒಂದು ಕಡೆ ಪೇಸ್ಟ್ ಮಾಡಿ ಗುಂಡಿ ಒತ್ತಿದರೆ ಇನ್ನೊಂದು ಕಡೆ ಸರಿಯಾದ ಕನ್ನಡ ಬರುತ್ತೆ. ಬಂದ ಮೇಲೆ ಒಮ್ಮೆ ಓದಲೇಬೇಕು. ಮೂಲದಲ್ಲಿ ನಡುವೆ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತೆ. 'ತೀರ್ಥಪುರ'ದಂಥ ಅರ್ಕಾವತ್ತಿನ ಪದ, ಒತ್ತಕ್ಷರ, ದಿನಾಂಕದ ಅಂಕಿ, ಇವನ್ನು ಬೆರಳಿಟ್ಟು ನೋಡಿ. ಶ್ರೀಲಿಪಿಯಂಥ ತಂತ್ರಾಂಶದ ನಂಬರ್ ಪುಸ್ತಕ ಬೇರೆ, ನುಡಿ ಪರಿವರ್ತಕಕ್ಕೆ ಅದು ಅರ್ಥ ಆಗಲ್ಲ.

ಹೊಸದಾಗಿ ಟೈಪ್ ಮಾಡುವವರಿಗೆ ಈ ಯಾವ ಗೋಜೂ ಬೇಡ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್‌ನಲ್ಲೇ ಟೈಪ್ ಮಾಡುವ ಆಯ್ಕೆ ಇದೆ. ಕೀಲಿಮಣೆಯೂ ಕೈಗೆ ಪಳಗಿದ ಅದೇ ಕೆ.ಪಿ.ರಾವ್ ವಿನ್ಯಾಸ, ಬೆರಳಿಗೆ ಹೊಸ ಪಾಠ ಇಲ್ಲ. ಆದರೂ ಬಹಳಷ್ಟು ಕಡೆ ಹಳೆಯದೇ ನಡೆದಿದೆ. ಹಳೇ ಫೈಲು, ಹಳೇ ಪೇಜ್‌ಮೇಕರ್, ಹಳೇ ಅಭ್ಯಾಸ.

ಇದರಿಂದ ನಷ್ಟ ವಾಟ್ಸಾಪ್ ನೋಟಿಸಿಗೆ ಮಾತ್ರ ಅಲ್ಲ. ಸಂಘ, ಶಾಲೆ, ಜಾತ್ರಾ ಸಮಿತಿಗಳು ತಂದ ಎಷ್ಟೋ ಸ್ಮರಣ ಸಂಚಿಕೆಗಳು ನುಡಿ ಫೈಲುಗಳಾಗಿ ಹಳೇ ಕಂಪ್ಯೂಟರುಗಳಲ್ಲಿ ಬಿದ್ದಿವೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ.ಶ್ರೀಕಂಠಯ್ಯನವರ ಬಗ್ಗೆ ಅಂಥ ಒಂದು ಸಂಚಿಕೆಯಲ್ಲಿ ಲೇಖನ ಇದ್ದು, ಅದನ್ನು ಇದ್ದ ಹಾಗೇ ಇಂಟರ್‌ನೆಟ್‌ಗೆ ಹಾಕಿದರೂ, ಅವರ ಹೆಸರನ್ನು ಕನ್ನಡದಲ್ಲಿ ಹುಡುಕಿದವರಿಗೆ ಅದು ಸಿಗಲ್ಲ. ಹುಡುಕುವ ಯಂತ್ರಕ್ಕೆ ಅಲ್ಲಿ ಕನ್ನಡವೇ ಇಲ್ಲ. ಹಾರ್ಡ್ ಡಿಸ್ಕ್ ಕೆಟ್ಟು ಗುಜರಿಗೆ ಹೋಗುವ ಮೊದಲು ಇವನ್ನು ಪರಿವರ್ತಿಸಿ ಇಟ್ಟುಕೊಳ್ಳುವುದು ಆಯಾ ಊರಿನವರೇ ಮಾಡಬೇಕಾದ ಕೆಲಸ.

ಅಂಕಿ ಕಾಪಿ ಮಾಡುವಾಗ

ಅಕ್ಷರ ಕೆಟ್ಟರೆ ಕಣ್ಣಿಗೆ ಕಾಣುತ್ತೆ. ಅಂಕಿ ಕೆಟ್ಟರೆ ಕಾಣಲ್ಲ, ಅದೇ ಅಪಾಯ. ಸೊಸೈಟಿ, ಹಾಲಿನ ಡೇರಿ, ಸ್ವಸಹಾಯ ಸಂಘದವರು ಸದಸ್ಯರ ಬ್ಯಾಂಕ್ ಖಾತೆ ನಂಬರುಗಳನ್ನು ಎಕ್ಸೆಲ್‌ಗೆ ಪೇಸ್ಟ್ ಮಾಡುತ್ತಾರೆ. ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಅಂದುಕೊಳ್ಳುತ್ತೆ. ಮುಂದಿನ ಸೊನ್ನೆಗಳನ್ನು ತೆಗೆದುಹಾಕುತ್ತೆ. ಉದ್ದದ ನಂಬರನ್ನು ನಡುವೆ 'ಇ' ಅಕ್ಷರ, ಪ್ಲಸ್ ಗುರುತು ಹಾಕಿ ಮಡಚಿ ತೋರಿಸುತ್ತೆ. ಎಕ್ಸೆಲ್ ನೆನಪಿಟ್ಟುಕೊಳ್ಳುವುದು 15 ಅಂಕಿ ಮಾತ್ರ, 16 ಅಂಕಿಯ ಖಾತೆ ನಂಬರ್ ಹಾಕಿದರೆ ಕೊನೆಯದು ತಾನಾಗೇ ಸೊನ್ನೆ ಆಗುತ್ತೆ. ಹೀಗೆ ಹೋದ ಅಂಕಿ ಆಮೇಲೆ ವಾಪಸ್ ಬರಲ್ಲ. ಪೇಸ್ಟ್ ಮಾಡುವ ಮೊದಲೇ ಆ ಕಾಲಂ ಪೂರ್ತಿ ಆಯ್ಕೆ ಮಾಡಿ 'ಟೆಕ್ಸ್ಟ್' ಅಂತ ಬದಲಿಸಿಕೊಳ್ಳಬೇಕು.

ಐಎಫ್‌ಎಸ್‌ಸಿ ಕೋಡಿಗೆ ಒಂದು ಸುಲಭ ಪರೀಕ್ಷೆ: ಒಟ್ಟು 11, ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ 'ಓ' ಅಕ್ಷರ ಕೂತಿದ್ದರೆ ಕೋಡ್ ತಪ್ಪು.

ಇನ್ನು ರೇಟ್ ಮೆಸೇಜು. ಹಳೇ ಮೆಸೇಜನ್ನೇ ಕಾಪಿ ಮಾಡಿ, ಅಂಕಿ ಮಾತ್ರ ಬದಲಿಸಿ ಕೊಬ್ಬರಿ ರೇಟು ಹಾಕುವ ರೂಢಿ ಗ್ರೂಪುಗಳಲ್ಲಿದೆ. ದಿನಾಂಕ ಬದಲಿಸೋದು ಮರೆತರೆ ಯಾವ ಟೆಂಡರಿನ ಬೆಲೆ ಅಂತಲೇ ಗೊತ್ತಾಗಲ್ಲ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 2024ಕ್ಕೆ ಕ್ವಿಂಟಲ್‌ಗೆ 12,000 ರೂ., 2025ಕ್ಕೆ 12,100 ರೂ. ಇತ್ತು. ಇಸವಿ ಬಿಟ್ಟು ಪೇಸ್ಟ್ ಆದ ಹಳೇ ಮೆಸೇಜು ಹೊಸದರ ಹಾಗೇ ಕಾಣುತ್ತೆ. ಮಾಲು ಇಟ್ಟುಕೊಳ್ಳೋದಾ, ಕೊಡೋದಾ ಅಂತ ಮನೆಯಲ್ಲಿ ಲೆಕ್ಕ ಹಾಕುವವರಿಗೆ ಇದು ಸಣ್ಣ ವಿಷಯ ಅಲ್ಲ.

ಫೈಲು, ಪೆನ್‌ಡ್ರೈವು

ಫೈಲ್ ಮೇಲೆ 'ಕಾಪಿ' ಒತ್ತಿದ ಕೂಡಲೇ ಫೈಲು ಎಲ್ಲೂ ಹೋಗಿರಲ್ಲ. ಎಲ್ಲಿದೆ ಅನ್ನುವ ವಿಳಾಸ ಮಾತ್ರ ನೆನಪಿನಲ್ಲಿರುತ್ತೆ. ನಿಜವಾದ ನಕಲು ಆಗೋದು 'ಪೇಸ್ಟ್' ಒತ್ತಿದಾಗ. ನಡುವೆ ಪೆನ್‌ಡ್ರೈವ್ ಕಿತ್ತರೆ ಕೈಗೆ ಏನೂ ಬರಲ್ಲ.

ಇದಕ್ಕಿಂತ ಹೆಚ್ಚು ಜನ ಎಡವುವುದು ಶಾರ್ಟ್‌ಕಟ್‌ನಲ್ಲಿ. ಡೆಸ್ಕ್‌ಟಾಪ್ ಮೇಲಿನ ಚಿತ್ರದ ಮೂಲೆಯಲ್ಲಿ ಸಣ್ಣ ಬಾಗಿದ ಬಾಣ ಇದ್ದರೆ ಅದು ಫೈಲಲ್ಲ, ಫೈಲಿಗೆ ದಾರಿ ತೋರಿಸುವ ಬೋರ್ಡು. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ತುಮಕೂರಿಗೆ ಬಸ್ ಹತ್ತಿದವರಿಗೆ ಅಲ್ಲಿ ಸಿಗೋದು ಬೋರ್ಡು ಮಾತ್ರ. ಸೈಜ್ ನೋಡಿ: ನಾಲ್ಕು ಪುಟದ ಫೋಟೊ ಇರುವ ಫೈಲು ಒಂದೆರಡು ಕೆಬಿ ತೋರಿಸಿದರೆ ಅನುಮಾನ ಪಡಿ.

ಕಟ್ ಮಾಡಿ ಪೇಸ್ಟ್ ಮಾಡಿದರೆ ಮೂಲ ಜಾಗದಲ್ಲಿ ಫೈಲು ಉಳಿಯಲ್ಲ. ಮುಖ್ಯವಾದ ಕಾಗದಕ್ಕೆ ಕಟ್ ಬೇಡ. ಕಾಪಿ ಮಾಡಿ, ತೆಗೆದು ನೋಡಿ, ಆಮೇಲೆ ಬೇಕಾದರೆ ಹಳೆಯದನ್ನು ಅಳಿಸಿ.

ಅಂದಹಾಗೆ ಈ ಕಟ್, ಕಾಪಿ, ಪೇಸ್ಟ್ ಅನ್ನುವ ಪದ್ಧತಿ ರೂಪಿಸಿದವರು ಅಮೆರಿಕದ ಲ್ಯಾರಿ ಟೆಸ್ಲರ್. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಟಿಮ್ ಮಾಟ್ ಜೊತೆ ಸೇರಿ ಮಾಡಿದ್ದು. ಹೌದು, ನಾವು ಎಲ್ಲ ನಕಲಿಗೂ ಹೆಸರು ಹೇಳುವ ಅದೇ ಜೆರಾಕ್ಸ್. ಟೆಸ್ಲರ್ 2020ರ ಫೆಬ್ರವರಿಯಲ್ಲಿ ತೀರಿಕೊಂಡರು.

ಬೇರೆಯವರ ಕಂಪ್ಯೂಟರಿನಲ್ಲಿ

ಸಾಮಾನ್ಯವಾಗಿ ಕಂಪ್ಯೂಟರ್ ಕೊನೆಯದಾಗಿ ಕಾಪಿ ಮಾಡಿದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೆ. ಆದರೆ 2018ರ ಕೊನೆಯಿಂದ ವಿಂಡೋಸ್ 10ರಲ್ಲಿ ಹಿಂದಿನವನ್ನೂ ಇಟ್ಟುಕೊಳ್ಳುವ ಸೌಲಭ್ಯ ಬಂದಿದೆ. ವಿಂಡೋಸ್ ಗುಂಡಿ ಜೊತೆ 'ವಿ' ಒತ್ತಿದರೆ, ಆ ಸೌಲಭ್ಯ ಆನ್ ಇದ್ದಲ್ಲಿ, ಹಿಂದೆ ಕಾಪಿ ಮಾಡಿದ 25ರವರೆಗೆ ಸಾಲಾಗಿ ಕಾಣುತ್ತವೆ. ದಿನವಿಡೀ ಬಿಲ್ ಹಾಕುವ ಅಂಗಡಿಯವರಿಗೆ ಇದು ಅನುಕೂಲ. ಸೈಬರ್ ಸೆಂಟರಿನಲ್ಲಿ ಆಧಾರ್ ನಂಬರ್, ಪಾಸ್‌ವರ್ಡ್ ಕಾಪಿ ಮಾಡಿದವರಿಗೆ ಇದೇ ತೊಂದರೆ, ಮುಂದೆ ಕೂರುವವರು ಅದನ್ನು ನೋಡಬಹುದು. ಎದ್ದು ಬರುವ ಮುನ್ನ ವಿಂಡೋಸ್ ಮತ್ತು 'ವಿ' ಒತ್ತಿ, 'ಕ್ಲಿಯರ್ ಆಲ್' ಕೊಡಿ. ಅಲ್ಲಿ ಪಿನ್ ಮಾಡಿಟ್ಟಿದ್ದು ಇದ್ದರೆ ಅದನ್ನು ಬೇರೆಯಾಗಿ ಅಳಿಸಬೇಕು.