ಶೆಡ್ಡಿನ ಕೆಳಗಿನ ಸಂಸಾರ

ಲಂಡನ್ನಿನ ಹೊರವಲಯದಲ್ಲಿ ಮನೆ ಕೊಂಡವರಿಗೆ ದಾಖಲೆಪತ್ರಗಳಲ್ಲಿ ಕಾಣದ ಒಂದು ಸಂಸಾರವೂ ಹಲವೊಮ್ಮೆ ಜೊತೆಗೇ ದೊರೆಯುತ್ತದೆ. ಅದು ನರಿಯದು. ನಮ್ಮ ಕಡೆ ನರಿ ಎಂದರೆ ಗದ್ದೆಯಾಚೆ ಇರುಳಲ್ಲಿ ಊಳಿಡುವ, ಬೆಳಿಗ್ಗೆ ಮುಖ ಕಂಡರೆ ಶುಭವೆಂದು ಹಿರಿಯರು ನಂಬುವ ಗುಳ್ಳೆನರಿ. ಇಲ್ಲಿನದು ಕೆಂಗಂದು ಮೈಯ, ಬಿಳಿತುದಿಯ ದಟ್ಟ ಬಾಲದ ಬೇರೆಯೇ ಜಾತಿ. ಎರಡು ಮಹಾಯುದ್ಧಗಳ ನಡುವೆ ನಗರ ಹೊರಕ್ಕೆ ಹಬ್ಬಿ, ಹಿತ್ತಿಲುಳ್ಳ ಮನೆಗಳು ಸಾಲುಗಟ್ಟಿದಾಗ ನರಿಗಳೂ ನಗರವಾಸಿಗಳಾದವು.

ಜನವರಿಯ ಆಸುಪಾಸು ಅವುಗಳ ಬೆದೆಯ ಕಾಲ. ಹೆಣ್ಣುನರಿಯ ಕೂಗು ಥೇಟು ಹೆಂಗಸೊಬ್ಬಳ ಚೀತ್ಕಾರದಂತಿರುತ್ತದೆ; ಅದನ್ನು ಕೇಳಿ ಪೊಲೀಸರಿಗೆ ಫೋನ್ ಮಾಡಲು ಹೊರಟವರು ನಮ್ಮ ಬಳಗದಲ್ಲಿಯೇ ಇದ್ದಾರೆ. ಮಾರ್ಚ್‌ನಲ್ಲಿ ಮರಿಗಳು ಹುಟ್ಟಿ, ಏಪ್ರಿಲ್ ಕೊನೆಗೆ ಬಿಲದಿಂದ ಹೊರಬರುತ್ತವೆ. ಕಳೆದ ವಸಂತದಲ್ಲಿ ನಮ್ಮ ಹಿತ್ತಿಲ ಶೆಡ್ಡಿನ ಕೆಳಗಿನಿಂದ ನಾಲ್ಕು ಮರಿಗಳು ಹೊರಬಂದವು. ನಮ್ಮ ಮನೆಯಲ್ಲಿ ಎರಡು ವರ್ಷದ ಮಗಳು. ಬೇಲಿಯಾಚೆ ಕೋಳಿ ಸಾಕಿದ ವೃದ್ಧ ದಂಪತಿ. ಅವರ ಎರಡು ಕೋಳಿಗಳು ಆಗಲೇ ನರಿಯ ಪಾಲಾಗಿದ್ದವು. ನರಿಯನ್ನು ಹಿಡಿದು ಕೊಲ್ಲಿಸೋಣ, ಖರ್ಚನ್ನು ಸಮನಾಗಿ ಹಂಚಿಕೊಳ್ಳೋಣ ಎಂದು ಅವರು ಸಭ್ಯವಾಗಿಯೇ ಕೇಳಿದರು. ಶಿವಮೊಗ್ಗದಿಂದ ಅಮ್ಮನೂ ಫೋನಿನಲ್ಲಿ, “ಮಗು ಇರೋ ಮನೆ ಕಣೋ, ಹುಚ್ಚುನರಿ ಕಚ್ಚಿದ್ರೆ ಏನು ಗತಿ?” ಎಂದಳು.

ಅಮ್ಮನಿಗೆ ಉತ್ತರ ಕೊಡುವುದು ಸುಲಭವಿತ್ತು. ಬ್ರಿಟನ್ನಿನ ನರಿ, ನಾಯಿಗಳಲ್ಲಿ ರೇಬೀಸ್ ಇಲ್ಲ. ಬಾವಲಿಗಳ ಮಾತು ಬೇರೆ. ನರಿ ಮನುಷ್ಯರ ಮೈಮೇಲೆ ಬೀಳುವುದು ಬಲು ಅಪರೂಪ. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಹಿಕ್ಕೆಯ ವಿಷಯದಲ್ಲಿ: ಅದರಲ್ಲಿ ದುಂಡುಹುಳುವಿನ ಮೊಟ್ಟೆಗಳಿರಬಹುದು. ಆದ್ದರಿಂದ ಮಗಳ ಮರಳಿನ ತೊಟ್ಟಿಗೆ ಮುಚ್ಚಳ ಬಂತು, ಹಿತ್ತಿಲ ಬಾಗಿಲು ಸದಾ ಮುಚ್ಚಿರತೊಡಗಿತು.

ನೆರೆಯವರಿಗೆ ಉತ್ತರಿಸುವುದು ಕಷ್ಟವಾಯಿತು. ನರಿಗಳನ್ನು ತೆರವುಗೊಳಿಸುವ ಹೊಣೆ ಸ್ಥಳೀಯ ಕೌನ್ಸಿಲ್‌ಗೆ ಕಾನೂನಿನ ಪ್ರಕಾರ ಇಲ್ಲ. ವಿಷವಿಡುವುದು ಅಪರಾಧ. ಒಳಗೆ ಜೀವವಿರುವಾಗ ಬಿಲ ಮುಚ್ಚಿ ಉಸಿರುಗಟ್ಟಿಸಿದರೆ ಕಾಡುಸಸ್ತನಿಗಳ ರಕ್ಷಣೆಯ 1996ರ ಕಾಯ್ದೆ ಅಡ್ಡ ಬರುತ್ತದೆ. ಪಂಜರದಲ್ಲಿ ಹಿಡಿದು ಗುಂಡು ಹಾರಿಸುವುದಕ್ಕೆ ಮಾತ್ರ ಅವಕಾಶವಿದೆ. ಹಣ ಪಡೆದು ಅದನ್ನು ಮಾಡಿಕೊಡುವವರೂ ಇದ್ದಾರೆ. ಆದರೆ ಮೊಲೆಯೂಡುವ ತಾಯಿ ಸತ್ತರೆ ಮರಿಗಳು ನೆಲದಡಿಯಲ್ಲೇ ಹಸಿದು ಸಾಯುತ್ತವೆ. ತೆರವಾದ ಜಾಗಕ್ಕೆ ಹೆಚ್ಚು ದಿನ ಕಳೆಯದೆ ಮತ್ತೊಂದು ನರಿ ಬರುತ್ತದೆ. ದೂರ ಒಯ್ದು ಬಿಡುವುದು ಕರುಣೆಯಂತೆ ತೋರಿದರೂ, ಬೇರೆ ನರಿಗಳ ಸೀಮೆಯಲ್ಲಿ ಅದು ಬದುಕುವುದು ಕಠಿಣ. ಬೇಸಿಗೆ ಮುಗಿಯುವವರೆಗೆ ಕಾಯೋಣ, ಕೋಳಿಗೂಡನ್ನು ಗಟ್ಟಿಮಾಡಿಸುವ ಖರ್ಚು ನನ್ನದು ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ತೆಳು ಬಲೆಯ ಬದಲು ಬೆಸುಗೆ ಹಾಕಿದ ದಪ್ಪ ತಂತಿಜಾಲರಿ ಬಂತು. ಅದರ ಅಂಚು ನೆಲದೊಳಗೆ ಒಂದಡಿ ಇಳಿದು ಹೊರಮುಖವಾಗಿ ಬಾಗಿತು. ಮುಸ್ಸಂಜೆಗೇ ಗೂಡಿಗೆ ಅಗಳಿ ಬೀಳತೊಡಗಿತು.

ಇದರೊಡನೆ ಆಮಿಷಗಳನ್ನೂ ತೆಗೆಯಬೇಕಿತ್ತು. ಕಸದ ಚೀಲ ರಾತ್ರಿ ಹೊರಗಿರಬಾರದು. ಗುಲಾಬಿಗೆ ಹಾಕುವ ಎಲುಬಿನ ಪುಡಿಯ ಗೊಬ್ಬರವೂ ಕೂಡದು; ಅದರ ವಾಸನೆಗೆ ನರಿ ಹಾಸಿಗೆಯನ್ನೆಲ್ಲ ಕೆದರಿ ಗಿಡ ಕೀಳುತ್ತದೆ. ಇನ್ನು ಮಹಾಲಯ ಅಮಾವಾಸ್ಯೆಯಂದು ಕಾಗೆಗೆಂದು ನಾವು ಇಡುವ ಎಡೆ! ಇಲ್ಲಿ ಅದನ್ನು ಉಣ್ಣುವುದು ಹೆಚ್ಚಾಗಿ ನರಿಯೇ. ಪಿತೃಗಳ ಅಭ್ಯಂತರವೇನೂ ಇರಲಾರದು, ನೆರೆಯವರದ್ದು ಇರುತ್ತದೆ. ಬಿಲದ ಬಾಯಿಗೆ ಬ್ಯಾಡಗಿ ಮೆಣಸಿನ ಪುಡಿ ಸುರಿಯಲು ಸ್ನೇಹಿತರೊಬ್ಬರು ಸೂಚಿಸಿದರು. ಅನುಮೋದನೆಯಿಲ್ಲದ ವಸ್ತುಗಳನ್ನು ಹೀಗೆ ಪ್ರಾಣಿಗಳ ಮೇಲೆ ಬಳಸುವುದು ಇಲ್ಲಿ ಕಾನೂನುಬಾಹಿರ. ಪರವಾನಗಿ ಪಡೆದ ವಾಸನೆಯ ಪುಡಿಗಳು ಅಂಗಡಿಯಲ್ಲಿ ಸಿಗುತ್ತವೆ.

ಮೇ ತಿಂಗಳ ಸಂಜೆಗಳಲ್ಲಿ ಮರಿಗಳು ಮಗಳ ಒಂದು ಚಪ್ಪಲಿ ಮತ್ತು ನೆರೆಯವರ ಕೈಗವಸನ್ನು ಕದ್ದು ಹುಲ್ಲಿನ ಮೇಲೆ ಜಗ್ಗಾಡಿದವು. ಆ ಅಜ್ಜಿ ಬೇಲಿಯ ಬಳಿ ಕುರ್ಚಿ ಹಾಕಿಕೊಂಡು ನೋಡುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ಕಂಡೆ. ಜುಲೈ ಹೊತ್ತಿಗೆ ಸದ್ದಡಗಿತು. ಬಿಲದ ಬಾಯಿಗೆ ಹಳೆಯ ಪತ್ರಿಕೆಯನ್ನು ಸಡಿಲವಾಗಿ ತುರುಕಿ ದಿನವೂ ನೋಡಿದೆವು. ಒಂದು ವಾರವಾದರೂ ಕಾಗದ ಕದಲಲಿಲ್ಲ. ಬಿಲ ಖಾಲಿಯಾಗಿರುವುದನ್ನು ಖಚಿತಪಡಿಸಿಕೊಂಡ ಮೇಲೆ ಶೆಡ್ಡಿನ ಸುತ್ತ ಜಾಲರಿ ಹೂಳಲು ಅಜ್ಜನೇ ಗುದ್ದಲಿ ತಂದರು. ಆ ಖರ್ಚನ್ನು ಸಮನಾಗಿ ಹಂಚಿಕೊಂಡೆವು.