ಸಮರೂಪದ ವಾದಗಳನ್ನು ಗುರುತಿಸುವ ಬಗೆ

ತರ್ಕಶಕ್ತಿಯನ್ನು ಅಳೆಯುವ ಪರೀಕ್ಷೆಗಳಲ್ಲಿ ‘ಕೊಟ್ಟಿರುವ ವಾದವನ್ನೇ ಹೋಲುವ ವಾದವನ್ನು ಆರಿಸಿರಿ’ ಎಂಬ ಬಗೆಯ ಪ್ರಶ್ನೆಗಳಿರುತ್ತವೆ. ಹೋಲಿಸಬೇಕಾದದ್ದು ವಾದದ ರೂಪವನ್ನು. ವಿದ್ಯಾರ್ಥಿಗಳು ಸಾಮಾನ್ಯವಾಗಿ ವಿಷಯವನ್ನು ಹೋಲಿಸಿ ತಪ್ಪುತ್ತಾರೆ. ಮುಂದಿನ ವಾದವನ್ನು ನೋಡಬಹುದು:

ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಅಂಗಳ ಒದ್ದೆಯಾಗಿದೆ. ಆದ್ದರಿಂದ ಮಳೆ ಬಂದಿದೆ.

ಇದಕ್ಕೆ ಎರಡು ಆಯ್ಕೆಗಳಿವೆಯೆಂದು ಭಾವಿಸೋಣ.

(ಅ) ಮಳೆ ಬಂದರೆ ಕೊಡೆ ಬೇಕಾಗುತ್ತದೆ. ಮಳೆ ಬಂದಿದೆ. ಆದ್ದರಿಂದ ಕೊಡೆ ಬೇಕು.

(ಆ) ಸಂಖ್ಯೆಯೊಂದು 4ರಿಂದ ನಿಶ್ಶೇಷವಾಗಿ ಭಾಗವಾದರೆ ಅದು ಸಮಸಂಖ್ಯೆ. 6 ಸಮಸಂಖ್ಯೆ. ಆದ್ದರಿಂದ 6 ಎಂಬುದು 4ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

ಮಳೆಯ ಮಾತಿರುವುದರಿಂದ ಅನೇಕರು ಮೊದಲನೆಯದನ್ನು ಆರಿಸುತ್ತಾರೆ. ಸರಿಯುತ್ತರ ಎರಡನೆಯದು. ವಿಷಯವನ್ನು ತೆಗೆದು ಅಕ್ಷರಗಳನ್ನಿಟ್ಟರೆ ರೂಪ ಸ್ಪಷ್ಟವಾಗುತ್ತದೆ. ಮೂಲವಾದ ಮತ್ತು (ಆ) ಎರಡರ ರೂಪವೂ ಹೀಗಿದೆ: ‘ಕ ಆದರೆ ಖ, ಖ ಆಗಿದೆ, ಆದ್ದರಿಂದ ಕ.’ (ಅ) ಆಯ್ಕೆಯ ರೂಪ ಬೇರೆ: ‘ಕ ಆದರೆ ಖ, ಕ ಆಗಿದೆ, ಆದ್ದರಿಂದ ಖ.’ ಇದು ನಿರ್ದುಷ್ಟವಾದ ರೂಪ.

ಸಮರೂಪದ ವಾದವನ್ನು ಗುರುತಿಸುವುದರಿಂದ ಮೂಲವಾದದ ದೋಷವೂ ಹೊರಬೀಳುತ್ತದೆ. ಸಂಖ್ಯೆಯ ವಾದದಲ್ಲಿ ಆಧಾರವಾಕ್ಯಗಳೆರಡೂ ನಿಜ, ನಿರ್ಣಯ ಮಾತ್ರ ಸುಳ್ಳು. ಆದುದರಿಂದ ಆ ರೂಪವನ್ನು ನಂಬುವಂತಿಲ್ಲ. ಮಳೆ ನಿಜವಾಗಿಯೇ ಬಂದಿರಬಹುದು. ಆದರೂ ಅಂಗಳದ ತೇವ ಅದನ್ನು ಸಿದ್ಧಪಡಿಸಲಾರದು. ರಂಗೋಲಿಗೆಂದು ನೀರು ಚಿಮುಕಿಸಿದರೂ ಅಂಗಳ ಒದ್ದೆಯಾಗುತ್ತದೆ.

ಭಾಷಾಶಿಕ್ಷಕರು ಇಲ್ಲಿ ‘ಮಾತ್ರ’ ಎಂಬ ಪದದ ಕಡೆಗೆ ಗಮನ ಸೆಳೆಯಬೇಕು. ‘ಮಳೆ ಬಂದರೆ ಮಾತ್ರ ಅಂಗಳ ಒದ್ದೆಯಾಗುತ್ತದೆ’ ಎಂದು ಮೊದಲ ವಾಕ್ಯವನ್ನು ತಿದ್ದಿದರೆ ಅದೇ ವಾದದ ರೂಪ ನಿರ್ದುಷ್ಟವಾಗುತ್ತದೆ. ‘ಎಲ್ಲ’, ‘ಕೆಲವು’, ‘ಇಲ್ಲ’ ಎಂಬ ಪದಗಳೂ ಹೀಗೆಯೇ ವಾದದ ರೂಪವನ್ನು ನಿರ್ಧರಿಸುತ್ತವೆ.

ಭಾರತೀಯ ನ್ಯಾಯಶಾಸ್ತ್ರವೂ ಈ ಎಚ್ಚರವನ್ನು ಕಲಿಸುತ್ತದೆ. ಬೆಟ್ಟದ ಮೇಲೆ ಹೊಗೆಯಿದ್ದರೆ ಅಲ್ಲಿ ಬೆಂಕಿಯಿದೆಯೆಂದು ಅನುಮಾನಿಸಬಹುದು. ಅದಕ್ಕೆ ಅಡುಗೆಮನೆ ದೃಷ್ಟಾಂತ. ಆದರೆ ಬೆಂಕಿಯಿದ್ದ ಮಾತ್ರಕ್ಕೆ ಹೊಗೆಯಿದೆ ಎನ್ನಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಲು ಹಸಿ ಸೌದೆಯೂ ಬೇಕು. ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ಈ ಎರಡು ದೃಷ್ಟಾಂತಗಳೂ ಇವೆ.

ತರಗತಿಯಲ್ಲಿ ಮೂರು ಹಂತಗಳನ್ನು ಅನುಸರಿಸಬಹುದು. ಮೊದಲು ‘ಆದ್ದರಿಂದ’ ಎಂಬುದರ ಮುಂದಿರುವ ನಿರ್ಣಯವನ್ನು ಗುರುತಿಸುವುದು. ಬಳಿಕ ವಿಷಯದ ಬದಲು ಅಕ್ಷರಗಳನ್ನಿಡುವುದು. ಕೊನೆಗೆ ಅದೇ ರೂಪದಲ್ಲಿ, ಸತ್ಯಾಸತ್ಯತೆ ಮೊದಲೇ ತಿಳಿದಿರುವ ಬೇರೊಂದು ವಾದವನ್ನು ಮಕ್ಕಳಿಂದಲೇ ಕಟ್ಟಿಸುವುದು.

ಈ ಅಭ್ಯಾಸ ಮಕ್ಕಳಿಗೆಷ್ಟು ಅಗತ್ಯವೋ ಶಿಕ್ಷಕರಿಗೂ ಅಷ್ಟೇ ಅಗತ್ಯ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ತುಳು, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳೂ ಕಲಿಯುತ್ತಾರೆ. ಅಂಥ ಮಗುವಿನ ವಿಷಯದಲ್ಲಿ ಹೀಗೊಂದು ವಾದ ಹುಟ್ಟಬಹುದು: ‘ಮನೆಮಾತು ಕನ್ನಡವಾಗಿದ್ದರೆ ಮಗು ಕನ್ನಡವನ್ನು ಚೆನ್ನಾಗಿ ಕಲಿಯುತ್ತದೆ. ಈ ಮಗುವಿನ ಮನೆಮಾತು ಕನ್ನಡವಲ್ಲ. ಆದ್ದರಿಂದ ಇದು ಚೆನ್ನಾಗಿ ಕಲಿಯಲಾರದು.’ ಇದೇ ರೂಪದಲ್ಲಿ ಸಂಖ್ಯೆಗಳನ್ನಿಟ್ಟು ನೋಡಬೇಕು: ‘4ರಿಂದ ನಿಶ್ಶೇಷವಾಗಿ ಭಾಗವಾದರೆ ಅದು ಸಮಸಂಖ್ಯೆ. 6 ಹಾಗೆ ಭಾಗವಾಗದು. ಆದ್ದರಿಂದ 6 ಸಮಸಂಖ್ಯೆಯಲ್ಲ.’ ಎರಡನೆಯದರ ತಪ್ಪನ್ನು ಚಿಕ್ಕ ಮಕ್ಕಳೂ ಹಿಡಿಯುತ್ತಾರೆ. ಮೊದಲನೆಯದನ್ನು ಶಿಕ್ಷಕರೇ ಹಿಡಿಯಬೇಕು. ಹಿಡಿಯದಿದ್ದರೆ ಆ ಮಗುವಿಗೆ ಪ್ರಶ್ನೆ ಕೇಳುವುದೂ ಪುಸ್ತಕ ಕೊಟ್ಟು ಓದಿಸುವುದೂ ಕ್ರಮೇಣ ನಿಂತುಹೋಗುತ್ತದೆ.