ಗಂಡಸ್ತನಕ್ಕೂ ಗರ್ಭಧಾರಣೆಗೂ ನಂಟೆಷ್ಟು? ದೇಹದೊಳಗೆ ನಡೆಯುವುದೇನು? ಇಲ್ಲಿದೆ ಮಾಹಿತಿ

ಮದುವೆಯಾಗಿ ಎರಡು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ತೂಗದಿದ್ದರೆ ಮೊದಲು ಆಸ್ಪತ್ರೆಗೆ ಹೋಗುವುದು ಯಾರು? ಬಹುತೇಕ ಮನೆಗಳಲ್ಲಿ ಸೊಸೆ. 'ನಮ್ಮ ಹುಡುಗನಿಗೆ ಏನೂ ತೊಂದರೆಯಿಲ್ಲ' ಎಂಬ ಮಾತು ಯಾವ ಪರೀಕ್ಷೆಗೂ ಮುನ್ನವೇ ಬಂದುಬಿಡುತ್ತದೆ. ಲೈಂಗಿಕ ಸಾಮರ್ಥ್ಯವಿದ್ದರೆ ಮಕ್ಕಳಾಗುವ ಸಾಮರ್ಥ್ಯವೂ ಇದ್ದೇ ಇರುತ್ತದೆ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಆದರೆ ದೇಹದ ಮಟ್ಟಿಗೆ ಇವೆರಡೂ ಬೇರೆ ಬೇರೆ ಕೆಲಸಗಳು.

ವಿದರ್ಭದ ಎರಡು ಹಳ್ಳಿಗಳು ತೋರಿಸಿದ್ದು

ಇಂಥ ವಿಷಯಗಳನ್ನು ಯಾರೂ ಬಾಯಿಬಿಟ್ಟು ಮಾತನಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾಗ್ಪುರದಾಚೆಯ ಗಡ್‌ಚಿರೋಲಿ ಜಿಲ್ಲೆಯಲ್ಲಿ ಉತ್ತರವಿದೆ. ನಾಗ್ಪುರದಲ್ಲಿ ವೈದ್ಯಕೀಯ ಓದಿದ ಸ್ತ್ರೀರೋಗ ತಜ್ಞೆ ಡಾ. ರಾಣಿ ಬಂಗ್ ಮತ್ತು ಅವರ ಪತಿ ಡಾ. ಅಭಯ್ ಬಂಗ್ 'ಸರ್ಚ್' ಸಂಸ್ಥೆ ಕಟ್ಟಿದ್ದು ಇಲ್ಲಿಯೇ. ಜಿಲ್ಲೆಯ ಎರಡು ಹಳ್ಳಿಗಳ 650 ಮಹಿಳೆಯರನ್ನು ತಪಾಸಣೆ ಮಾಡಿದ ಈ ತಂಡದ ವರದಿ 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಶೇ. 92ರಷ್ಟು ಮಹಿಳೆಯರಿಗೆ ಒಂದಲ್ಲ ಒಂದು ಸ್ತ್ರೀರೋಗ ಅಥವಾ ಲೈಂಗಿಕ ಕಾಯಿಲೆ ಇತ್ತು. ಅದಕ್ಕೂ ಮೊದಲು ಒಮ್ಮೆಯಾದರೂ ಸ್ತ್ರೀರೋಗ ತಪಾಸಣೆಗೆ ಒಳಗಾಗಿದ್ದವರು ಶೇ. 8 ಮಾತ್ರ!

ಚಿಕಿತ್ಸೆಯಿಲ್ಲದ ಸೋಂಕು ಅಂಡನಾಳವನ್ನು ಮುಚ್ಚಿಬಿಡಬಹುದು. ಆಗ ಗರ್ಭ ನಿಲ್ಲುವುದೇ ಕಷ್ಟ. ಅಂದರೆ ನಾಚಿಕೆಯಿಂದ ನುಂಗಿಕೊಂಡ ನೋವೇ ಮುಂದೆ 'ಬಂಜೆ' ಎಂಬ ಹಣೆಪಟ್ಟಿಯಾಗಿ ಅವಳಿಗೆ ಅಂಟಿಕೊಳ್ಳುತ್ತದೆ. ಇದೇ ಸಂಸ್ಥೆ ನಂತರ ಹದಿಹರೆಯದವರಿಗಾಗಿ 'ತಾರುಣ್ಯಭಾನ್' ಎಂಬ ಲೈಂಗಿಕ ಶಿಕ್ಷಣ ಶಿಬಿರಗಳನ್ನೂ ಶುರು ಮಾಡಿತು.

ಉದ್ರೇಕ: ಮಿದುಳು, ನರ, ರಕ್ತದ ಆಟ

ಲೈಂಗಿಕ ಸ್ಪಂದನ ಶುರುವಾಗುವುದು ಮಿದುಳಿನಿಂದ ಇಲ್ಲವೇ ಸ್ಪರ್ಶದಿಂದ. ಬೆನ್ನುಹುರಿಯ ಮೂಲಕ ಬಂದ ಸಂದೇಶಕ್ಕೆ ನರದ ತುದಿಗಳಲ್ಲಿ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುತ್ತದೆ. ಅದು ರಕ್ತನಾಳಗಳ ಸ್ನಾಯುವನ್ನು ಸಡಿಲಿಸಿ, ರಕ್ತ ತುಂಬಿಕೊಳ್ಳುವಂತೆ ಮಾಡುತ್ತದೆ. ಪುರುಷರಲ್ಲಿ ಇದೇ ನಿಮಿರುವಿಕೆ. ಮಹಿಳೆಯರಲ್ಲಿ ಭಗಾಂಕುರ ಉಬ್ಬುತ್ತದೆ, ಯೋನಿಯ ಗೋಡೆಯಲ್ಲಿ ತೇವ ಜಿನುಗುತ್ತದೆ.

ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1966ರಲ್ಲಿ ಈ ಸ್ಪಂದನವನ್ನು ನಾಲ್ಕು ಹಂತಗಳಾಗಿ ವಿವರಿಸಿದರು: ಉದ್ರೇಕ, ಅದರ ಏರುಸ್ಥಿತಿ, ಪರಾಕಾಷ್ಠೆ, ಮತ್ತೆ ಸಹಜ ಸ್ಥಿತಿ. ಎಲ್ಲರಲ್ಲೂ ಇದೇ ಕ್ರಮ ಇರಬೇಕೆಂದಿಲ್ಲ. ಮೊದಲು ಬಯಕೆ, ಆಮೇಲೆ ಉದ್ರೇಕ ಎಂಬುದೂ ಕಡ್ಡಾಯವಲ್ಲ. ಹಲವರಲ್ಲಿ ಆತ್ಮೀಯತೆ ಮೊದಲು, ಬಯಕೆ ನಂತರ.

ಇನ್ನೊಂದು ಮಾತು. ದೇಹದ ಈ ಪ್ರತಿಕ್ರಿಯೆ ಇಚ್ಛೆಯಿಲ್ಲದೆಯೂ ತಾನಾಗಿಯೇ ನಡೆಯಬಹುದು. ಹಾಗಾಗಿ ಅದನ್ನು ಒಪ್ಪಿಗೆ ಎಂದು ಓದುವಂತಿಲ್ಲ. ಗರ್ಭ ನಿಂತಿದ್ದನ್ನೂ ಅಷ್ಟೇ. ಮಹಿಳೆಗೆ ಸುಖ ಸಿಗದಿದ್ದರೂ, ಇಷ್ಟವೇ ಇಲ್ಲದಿದ್ದರೂ ಗರ್ಭಧಾರಣೆ ಆಗಬಲ್ಲದು.

ಗರ್ಭಧಾರಣೆ: ಇದರ ಲೆಕ್ಕವೇ ಬೇರೆ

ತಿಂಗಳಲ್ಲಿ ಸಾಮಾನ್ಯವಾಗಿ ಒಂದೇ ಅಂಡಾಣು ಬಿಡುಗಡೆಯಾಗುತ್ತದೆ. ಅದರ ಆಯಸ್ಸು 12ರಿಂದ 24 ಗಂಟೆ. ವೀರ್ಯಾಣುಗಳು ಮಾತ್ರ ಮಹಿಳೆಯ ದೇಹದಲ್ಲಿ 5 ದಿನಗಳವರೆಗೆ ಬದುಕಬಲ್ಲವು. ಆದ್ದರಿಂದ ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ 5 ದಿನ, ಒಟ್ಟು 6 ದಿನ ಗರ್ಭ ನಿಲ್ಲುವ ಸಾಧ್ಯತೆಯಿರುವ ಅವಧಿ.

ಹೆಚ್ಚಿನವರು ಎಡವುವುದು ಇಲ್ಲೇ. ಮುಟ್ಟಾದ 14ನೇ ದಿನ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ನಿಜವಾಗಿ ಅಂಡೋತ್ಪತ್ತಿ ಆಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 28 ದಿನದ ಚಕ್ರಕ್ಕೆ ಎರಡೂ ಒಂದೇ. ಆದರೆ 35 ದಿನದ ಚಕ್ರವಿದ್ದರೆ ಅದು 21ನೇ ದಿನದ ಹೊತ್ತಿಗೆ. ಆ ದಿನಗಳಲ್ಲಿ ಬಿಳಿಸ್ರಾವ ಹಸಿ ಮೊಟ್ಟೆಯ ಬಿಳಿಭಾಗದಂತೆ ತಿಳಿಯಾಗಿ, ಎಳೆಎಳೆಯಾಗಿ ಇರುತ್ತದೆ.

ಸ್ಖಲನವಾದ ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಅಂಡನಾಳ ತಲುಪುವುದು ಕೆಲವು ನೂರು ಮಾತ್ರ. ಅವುಗಳಲ್ಲಿ ಒಂದು ಅಂಡಾಣುವಿನೊಳಗೆ ಸೇರಿದರೆ ಭ್ರೂಣ ರೂಪುಗೊಳ್ಳುತ್ತದೆ. ಅದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು ಇನ್ನೂ 6ರಿಂದ 10 ದಿನ ಬೇಕು. ಮಗು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ಆ ವೀರ್ಯಾಣುವಿನಲ್ಲಿರುವ ಎಕ್ಸ್ ಅಥವಾ ವೈ ವರ್ಣತಂತು. 'ಬರೀ ಹೆಣ್ಣೇ ಹೆತ್ತಳು' ಎಂದು ತಾಯಿಯನ್ನು ದೂರುವುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ.

ನಮ್ಮ ಮಾತಿನಲ್ಲೇ ಇರುವ ಗೊಂದಲ

ಕನ್ನಡದಲ್ಲಿ ಮಕ್ಕಳಾಗದ ಹೆಣ್ಣಿಗೆ 'ಬಂಜೆ' ಎಂಬ ಪದವಿದೆ. ಗಂಡಸಿಗೆ ಇರುವುದು 'ಷಂಡ'. ಜನರ ಬಾಯಲ್ಲಿ ಇದರ ಅರ್ಥ ನಿಮಿರುವಿಕೆ ಇಲ್ಲದವನು. ನಿಮಿರುವಿಕೆ, ಸ್ಖಲನ ಎಲ್ಲವೂ ಸರಿಯಿದ್ದು ವೀರ್ಯಾಣು ಮಾತ್ರ ಇಲ್ಲದವನಿಗೆ ದಿನಬಳಕೆಯಲ್ಲಿ ಒಂದು ಪದವೇ ಇಲ್ಲ. ಪದವಿಲ್ಲದ ತೊಂದರೆಯತ್ತ ಮನೆಯವರ ಗಮನವೂ ಹೋಗುವುದಿಲ್ಲ.

ವೀರ್ಯದ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ವೃಷಣದಿಂದ ಬರುವ ವೀರ್ಯಾಣುಗಳ ಪಾಲು ತೀರಾ ಚಿಕ್ಕದು. ಅವು ಇವೆಯೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ವ್ಯಾಸೆಕ್ಟಮಿ ಮಾಡಿಸಿಕೊಂಡವರೇ ಇದಕ್ಕೆ ಸಾಕ್ಷಿ. ಅವರಿಗೆ ನಿಮಿರುವಿಕೆ, ಸುಖ, ಸ್ಖಲನ ಯಾವುದೂ ತಪ್ಪುವುದಿಲ್ಲ, ಮಕ್ಕಳಾಗುವುದಿಲ್ಲ ಅಷ್ಟೇ.

ವೈದ್ಯರನ್ನು ಯಾವಾಗ ಕಾಣಬೇಕು?

ಆರೋಗ್ಯವಂತ ಯುವ ದಂಪತಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸುಮಾರು ಶೇ. 20ರಿಂದ 25. ಆದ್ದರಿಂದ ಮೊದಲ ಕೆಲ ತಿಂಗಳಲ್ಲೇ ಗಾಬರಿ ಬೇಡ. ಯಾವುದೇ ಗರ್ಭನಿರೋಧಕ ಬಳಸದೆ ಒಂದು ವರ್ಷ ಪ್ರಯತ್ನಿಸಿದರೂ ಫಲ ಸಿಗದಿದ್ದರೆ, ಮಹಿಳೆಗೆ 35 ದಾಟಿದ್ದರೆ ಆರು ತಿಂಗಳಿಗೇ, ವೈದ್ಯರನ್ನು ಕಾಣಿ. ಮುಟ್ಟು ತೀರಾ ಏರುಪೇರಾಗಿದ್ದರೆ ಅಷ್ಟು ಕಾಯುವುದೂ ಬೇಡ.

ಇಬ್ಬರೂ ಒಟ್ಟಿಗೇ ಹೋಗಿ. ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷರ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ಅರಿವಳಿಕೆಯಿಲ್ಲ. 2ರಿಂದ 7 ದಿನ ಸ್ಖಲನವಿಲ್ಲದೆ ಇದ್ದು ಒಂದು ಮಾದರಿ ಕೊಟ್ಟರಾಯಿತು. ಅಂಡನಾಳದ ಎಕ್ಸ್‌-ರೇ, ಲ್ಯಾಪರೋಸ್ಕೋಪಿಯಂಥ ನೋವಿನ ಪರೀಕ್ಷೆಗಳಿಗೆ ಹೆಂಡತಿಯನ್ನು ಕಳುಹಿಸುವ ಮೊದಲು ಗಂಡನ ಈ ಸುಲಭದ ಪರೀಕ್ಷೆ ಮುಗಿದಿರಲಿ.